ಜೇಬಿನಲ್ಲಿ ಸಿಕ್ಕಿದ್ದು

ಮಂಗಳವಾರ, ಮಾರ್ಚ್ ೧೨
ಇಸ್ತ್ರಿ ಮೇಜಿನಿಂದ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ತಡವಾಗಿದ್ದಕ್ಕೆ ದೊಡ್ಡಮ್ಮನನ್ನು ಬೈದುಕೋ, ಆದರೆ ಇದನ್ನು ಓದಿ ಮುಗಿಸಿ ಬೈದುಕೋ. ಎರಡು ಸಲ ಬರೆದೆ, ಎರಡೂ ಸಲ ಹರಿದೆ. ಬುದ್ಧಿವಾದದ ವಾಸನೆ ಹೊಡೆಯುತ್ತಿತ್ತು.

ಕಳೆದ ಸಲ ಆ ಚಟ ಬಿಡಿಸುವ ಆಸ್ಪತ್ರೆಗೆ ನಿನ್ನ ನೋಡಲು ಬಂದಾಗ ನೀನು ನನ್ನ ಮಡಿಲಿಗೇ ವಾಂತಿ ಮಾಡಿದೆ, ನಾನು ಹಿಂದೆ ಸರಿದೆ. "ದೊಡ್ಡಮ್ಮಂಗೂ ನನ್ನ ಕಂಡ್ರೆ ಹೇಸಿಗೆ. ಹದಿನೇಳನೇ ತಾರೀಖು ಭಾನುವಾರ ಬಿಡುಗಡೆ ಕಾಗದಕ್ಕೆ ಸಹಿ ಹಾಕಿ ಹೊರಟುಬಿಡ್ತೀನಿ" ಎಂದು ಬರೆದಿದ್ದೀಯ. ಹೌದು, ಹೇಸಿಗೆಯಾಯಿತು. ಮೂವತ್ತೊಂದು ವರ್ಷ ಕಂಡವರ ಕಾಲರು, ಕಂಕುಳು, ಆಸ್ಪತ್ರೆಯ ಚಾದರ ತೊಳೆದು ಅಂಗಡಿ ಕಟ್ಟಿದವಳು ನಾನು; ಕೊಳೆಯ ವಿಷಯದಲ್ಲಿ ಸುಳ್ಳು ಹೇಳಲಾರೆ. ಆದರೆ ಆ ಬಟ್ಟೆ ಒಂದೇ ಒಗೆತಕ್ಕೆ ಸರಿಹೋಯಿತು. ಹೋಗದ ಕೊಳೆ ಬೇರೆ ಇದೆ.

ನಿನ್ನ ಅಮ್ಮ ಕೇಳಿದವರಿಗೆಲ್ಲ "ಟ್ರೈನಿಂಗಿಗೆ ಹೋಗಿದ್ದಾಳೆ" ಅನ್ನುತ್ತಾಳೆ. ಯಾವ ಟ್ರೈನಿಂಗ್ ಎಂದರೆ ಅವಳಿಗೆ ಕೆಮ್ಮು ಬರುತ್ತದೆ. ಅದೂ ನನಗೆ ಹೇಸಿಗೆ.

ಮೊನ್ನೆ ಮೂಲೆಯ ಔಷಧಿ ಅಂಗಡಿಯವನು ಬಂದ. ಚೀಟಿ ಇಲ್ಲದೆ ನಿನಗೆ ಮಾತ್ರೆ ಮಾರುತ್ತಿದ್ದನಲ್ಲ, ಅವನೇ. ಏಳು ಬಿಳಿ ಅಂಗಿ, ಮುಖದ ತುಂಬ ನಗು.

"ಹುಡುಗಿ ಹೇಗಿದ್ದಾಳೆ ಅಕ್ಕಾ?"

ಗಂಟು ಬಿಚ್ಚದೆ ವಾಪಸ್ ತಳ್ಳಿದೆ. "ನಿನ್ನ ಬಟ್ಟೆ ಹಾಕಿದ್ರೆ ನನ್ನ ನೀರು ಕೆಡುತ್ತೆ, ತಗೊಂಡು ನಡಿ."

"ಗಿರಾಕಿ ಕೇಳಿದ್ದು ಗಿರಾಕಿಗೆ. ಯಾಕೆ, ಏನು ಅಂತ ಕೇಳೋದು ನನ್ನ ಕೆಲಸಾನಾ ಅಕ್ಕಾ?"

ಬಾಯಿಗೆ ಬಂದದ್ದು ಬೈದು ಕಳಿಸಿದೆ. ಅವನು ಹೋದ, ಮಾತು ಮಾತ್ರ ಅಂಗಡಿಯಲ್ಲೇ ಉಳಿಯಿತು.

ಇವತ್ತಿಗೆ ನಿನಗೆ ಅಲ್ಲಿ ಇಪ್ಪತ್ತಮೂರನೆಯ ದಿನ. ಬೆವರು, ಕಾಲುಸೆಳೆತ ಕಡಿಮೆಯಾಗಿ ಈಗ ಬರೀ ಬೇಸರ ಅಂದೆ. ನರ್ಸಮ್ಮ ಫೋನಿನಲ್ಲಿ ಹೇಳಿದ್ದು ಕೇಳು: "ಈಗ ಹೊರಗೆ ಹೋಗಿ ಹಳೇ ಅಳತೆಗೆ ನುಂಗಿದ್ರೆ ಮೈ ತಡೆಯಲ್ಲ, ಉಸಿರೇ ನಿಂತುಹೋಗುತ್ತೆ." ಡಾಕ್ಟರು ಕೊಡುವ ಔಷಧಿ ತಪ್ಪಿಸಬೇಡ. ಅದನ್ನೂ ಚಟವೆಂದು ಆಡಿಕೊಳ್ಳುವ ಪಕ್ಕದ ಮಂಚದವಳು ಆಡಿಕೊಳ್ಳಲಿ, ಬಾಯಿ ಅವಳದು. ಇಡೀ ಜನ್ಮ ನಿಭಾಯಿಸು ಅನ್ನುತ್ತಿಲ್ಲ. ಭಾನುವಾರ ಸಹಿ ಹಾಕಬೇಡ, ಅಷ್ಟೇ. ಸೋಮವಾರದ್ದು ಸೋಮವಾರ.

ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿ, ಕಣ್ಣಿಗೆ ನಿದ್ದೆ ಹತ್ತಲಿ.

ನಿನ್ನ
ದೊಡ್ಡಮ್ಮ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿದ್ದು: ಬಟ್ಟೆ ನೆನೆಸುವ ಮೊದಲು ಜೇಬು ತಡಕಿ, ಸಿಕ್ಕಿದ್ದನ್ನು ಪುಸ್ತಕದಲ್ಲಿ ಬರೆದು, ಲಕೋಟೆಯಲ್ಲಿಟ್ಟು ಬಟ್ಟೆಗೇ ಪಿನ್ನು ಚುಚ್ಚಿ ಕಳಿಸುವುದು ನಮ್ಮ ಪದ್ಧತಿ. "ಜೇಬಿನಲ್ಲಿ ಸಿಕ್ಕಿದ್ದು ನಿಮ್ಮದು, ನಾವು ಏನೂ ಕೇಳುವುದಿಲ್ಲ" ಎಂದು ಬೋರ್ಡು ಬರೆಸಿದವಳು ನಾನೇ. ಅವನು ಹೋದ ಮೇಲೆ ಪುಸ್ತಕ ತೆಗೆದೆ. ನಿನ್ನ ಹೆಸರಿನ ಮುಂದೆ ಹನ್ನೊಂದು ಸಲ: "ಮಾತ್ರೆ ಪಟ್ಟಿ ಒಂದು, ಹಿಂತಿರುಗಿಸಿದೆ." ಹನ್ನೊಂದೂ ನನ್ನ ಕೈಬರಹ. ಮೊದಲ ನಾಲ್ಕು ನಿನ್ನ ಮೊಣಕಾಲಿನ ಆಪರೇಷನ್ನಿನ ನೋವಿಗೆ ಅಂದುಕೊಂಡೆ. ಆಮೇಲೆ ನೀನು ಎರಡೆರಡು ಮೆಟ್ಟಿಲು ಹಾರಿ ಹತ್ತುವುದನ್ನು ನೋಡಿದ್ದೆ. ಗೊತ್ತಿತ್ತು. ಕೇಳಲಿಲ್ಲ.

ಬೋರ್ಡು ಇಳಿಸಿದ್ದೇನೆ. ನನ್ನ ಮುಖ ನೋಡಬಾರದು ಅನ್ನಿಸಿದರೆ ಭಾನುವಾರ ನಾನು ಬಂದಾಗ ಭೇಟಿಗೆ ಬರಬೇಡ, ಗೇಟಿನಿಂದಲೇ ತಿರುಗುತ್ತೇನೆ. ನೀನು ಮಾತ್ರ ಒಳಗೇ ಇರು.

ಹನ್ನೊಂದನೆಯದು ಕಣ್ತಪ್ಪಿ ನೀರಿಗೆ ಬಿದ್ದಿತ್ತು. ಒರೆಸಿ, ಇಸ್ತ್ರಿಪೆಟ್ಟಿಗೆಯ ಪಕ್ಕ ಒಣಗಿಸಿ ಕೊಟ್ಟೆ.