ನೀಲಿ ಬಾಗಿಲಿನ ಮನೆ

ಮಾರ್ಚ್ ೧೨, ಬುಧವಾರ

ನನ್ನ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು.

ಕ್ಷೌರಕ್ಕೆ ಕೂತ ಗಿರಾಕಿಗಳಿಗೆಲ್ಲ ಒಂದೇ ಪುರಾಣ ಹೇಳಿದೆ: “ಈ ಊರು ಬೆಳೀತಿದೆ ಸಾರ್, ಮನೆ ಇನ್ನೂ ಅಗ್ಗ. ಸೇತುವೆ ಆಚೆ ಆ ನೀಲಿ ಬಾಗಿಲಿನದ್ದಂತೂ ಚಿನ್ನದಂಥ ಮನೆ.” ಕತ್ತರಿ ಆಡ್ತಿದ್ರೆ ನಾಲಿಗೆಯೂ ಆಡುತ್ತೆ, ಏನು ಮಾಡೋದು.

ಇವತ್ತು ಔಷಧಿ ಅಂಗಡಿಯವರು ಗಡ್ಡ ಬೋಳಿಸಿಕೊಳ್ಳುತ್ತಾ, “ನೀನು ಹೇಳಿದ್ದ ಮನೆ ನಾವೇ ತಗೊಂಡ್ವಿ ಕಣಯ್ಯಾ, ನಿನ್ನ ಬಾಯಿಗೆ ಸಕ್ಕರೆ ಹಾಕ!” ಅಂದರು. ನಾವು ವರ್ಷಗಟ್ಟಲೆ ಕಣ್ಣಿಟ್ಟಿದ್ದ ಮನೆ. ಕತ್ತಿ ಅವರ ಗಂಟಲ ಮೇಲಿತ್ತು, ಕುಯ್ದದ್ದು ನನ್ನದನ್ನ. ನುಣ್ಣಗೆ ಮುಗಿಸಿ ಕಳಿಸಿದೆ. ಅಂಥ ಮನೆ ಇನ್ನು ನಮ್ಮ ಕೈಗೆಟುಕೋದಿಲ್ಲ.

ಹೆಂಡತಿಗೆ ಹೇಳಿಲ್ಲ. ಊಟಕ್ಕೆ ಕೂತಾಗ ಮಗಳು, “ಅಪ್ಪಾ, ಆ ಮನೇಲಿ ಕಿಟಕಿ ಪಕ್ಕದ ಜಾಗ ನಂದು” ಅಂದಳು.

“ಆಯ್ತು ಪುಟ್ಟಿ, ನಿಂದೇ.”

ಆಗಲೂ ಈ ಬಾಯಿ ಸುಮ್ಮನಿರಲಿಲ್ಲ.