ಕುದುರೆ ಲಾಯದಲ್ಲಿ ಮದುಮಕ್ಕಳು

ಅತ್ತಿಗೆ, ಸುಖವಾಗಿ ಬಂದು ಸೇರಿದೆವು.

ನೀವು ಹಟ ಹಿಡಿದು ಗೊತ್ತುಮಾಡಿಕೊಟ್ಟ ಈ ವಸತಿಗೃಹ ಹಿಂದೆ ಯಾರೋ ಸಿರಿವಂತರ ಬಂಗಲೆಯಂತೆ. ಪಾಳುಬಿದ್ದಿದ್ದನ್ನು ಚೆಂದವಾಗಿ ದುರಸ್ತಿ ಮಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಕುದುರೆ ಲಾಯ. ಮೇವು ಹಾಕುತ್ತಿದ್ದ ಕಲ್ಲಿನ ತೊಟ್ಟಿಯಲ್ಲಿ ಈಗ ನಾವು ಮುಖ ತೊಳೆಯುತ್ತೇವೆ. ಬಾಗಿಲಿನ ಮೇಲಿನರ್ಧ ಬೇರೆ, ಕೆಳಗಿನರ್ಧ ಬೇರೆ. ಬೆಳಿಗ್ಗೆ ಇವರು ಮೇಲಿನದನ್ನು ಮಾತ್ರ ತೆರೆದು ಕತ್ತು ಹೊರಗೆ ಹಾಕಿ ನಿಂತಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ನಿನ್ನೆ ಬಂದಾಗ ಮಂಚದ ತುಂಬ ಹೂವು. ಇಲ್ಲಿನ ಯಜಮಾನಿ ನಮ್ಮ ನರೆಗೂದಲು ನೋಡಿ, "ಮದುಮಕ್ಕಳು ಹಿಂದೆ ಬರ್ತಿದಾರಾ?" ಎಂದು ಕೇಳಿದಳು. ನಾಚಿಕೆಯಿಂದ ನಾನು ಹಿಡಿಯಷ್ಟಾದೆ. ಇವರು ಮಾತ್ರ ಚೀಲ ಕೆಳಗಿಟ್ಟು, "ನಾವೇ ಕಣಮ್ಮ. ಹೋದ ವಾರ ತಾನೆ ಮದುವೆ ಆಗಿದೀವಿ" ಎಂದರು. ಆಕೆ ತಬ್ಬಿಬ್ಬಾದಳು. ಆಮೇಲೆ ಓಡಿಹೋಗಿ ಇನ್ನೊಂದು ಬುಟ್ಟಿ ಹೂವು ತಂದು ಸುರಿದಳು.

ನನ್ನ ಮಂಡಿನೋವು ಹತೋಟಿಯಲ್ಲಿದೆ. ನೀವು ಬಿ.ಪಿ. ಮಾತ್ರೆ ಮರೆಯಬೇಡಿ.

ನಿಮ್ಮ ತಮ್ಮ ತೀರಿಹೋದ ಮೇಲೆ ಮುಂದೆ ನಿಂತು ನನಗೆ ಮತ್ತೆ ಮದುವೆ ಮಾಡಿಸಿದವರು ನೀವು. ಇನ್ನು ನಿಮ್ಮನ್ನು ಏನೆಂದು ಕರೆಯಲಿ ಎಂದು ದಾರಿಯುದ್ದಕ್ಕೂ ಒಳಗೊಳಗೇ ಕೊರಗುತ್ತಿದ್ದೆ. ಈಗ ಇದನ್ನು ಬರೆಯುತ್ತಿರುವಾಗ ಇವರು ಬಗ್ಗಿ ನೋಡಿ, "ಅಕ್ಕಂಗೆ ನನ್ನ ನಮಸ್ಕಾರಾನೂ ಬರಿ" ಎಂದರು. ಇವರಿಗೆ ನೀವು ಅಕ್ಕನಾದರೆ ನನಗೆ ಅತ್ತಿಗೆಯೇ ತಾನೆ?

ಕಾಗದದಲ್ಲಿ ಜಾಗ ಮುಗಿಯಿತು, ಅಂಚೆಯವನು ಗೇಟಿನ ಹತ್ತಿರ ಬಂದ.

ಇಂತಿ, ನಿಮ್ಮ ತಮ್ಮನ ಹೆಂಡತಿ