ಎಳೆದು ನೋಡುವ ಕೈ

ಶನಿವಾರ, ಸಂಜೆ

ಪ್ರೀತಿಯ ಭಾವನವರಿಗೆ ನಮಸ್ಕಾರ.

ನಾವಿಲ್ಲಿ ಕ್ಷೇಮ ಎಂದು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದ್ದೇನೆ. ಜ್ವರವಿಲ್ಲ, ಕೆಮ್ಮಿಲ್ಲ, ಆ ಮಟ್ಟಿಗೆ ಕ್ಷೇಮವೇ. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಹಡಗು ಮುಂದಿನ ಬಂದರು ಮುಟ್ಟುವಷ್ಟರಲ್ಲಿ ಈ ಕಾಗದ ಅಲ್ಲಿರಬೇಕೆಂದು ಇವತ್ತು ಕೂತಿದ್ದೇನೆ. ಮಗಳು ನಮ್ಮಲ್ಲಿ ಹೊಂದಿಕೊಳ್ಳದಿದ್ದರೆ ಶಾಲೆ ತೆರೆಯುವ ಮೊದಲೇ ಬಂದು ಹಾಸ್ಟೆಲಿಗೆ ಸೇರಿಸುತ್ತೇನೆ, ಮುಚ್ಚುಮರೆಯಿಲ್ಲದೆ ತಿಳಿಸು ಎಂದು ಕೇಳಿದ್ದಿರಿ. ಮೊನ್ನೆಯವರೆಗೂ ನನ್ನ ಉತ್ತರ ‘ಸೇರಿಸಿಬಿಡಿ’ ಎಂದೇ ಇತ್ತು. ಮೊನ್ನೆ ಬೆಳಿಗ್ಗೆ ನಡೆದದ್ದರಿಂದ ನಾನಿನ್ನೂ ಹೊರಗೆ ಬಂದಿಲ್ಲ.

ಅಕ್ಕ ಹೋದ ಮೇಲೆ ಹುಡುಗಿ ನಮ್ಮಲ್ಲಿಗೆ ಬಂದದ್ದು ತೊಡೆಯ ಮೇಲೆ ಮೀನಿನ ಡಬ್ಬಿ ಇಟ್ಟುಕೊಂಡು. ಅಕ್ಕನೂ ಅವಳೂ ಸೇರಿ ಸಾಕಿದ ಮೀನುಗಳು. ಅವಕ್ಕೆಂದು ಊಟದ ಮನೆಯ ಕಿಟಕಿಯ ಪಕ್ಕ ಸಣ್ಣದೊಂದು ಗಾಜಿನ ತೊಟ್ಟಿ ಇಟ್ಟೆವು. ಬರಿಯ ಮರಳು, ಬರಿಯ ನೀರು. ಮೀನುಗಳು ಮೂಲೆ ಹಿಡಿದವು. ಹುಡುಗಿಯೂ ಹಾಗೆಯೇ. ‘ಹೂಂ’, ‘ಬೇಡ’, ‘ಸಾಕು’ ಇಷ್ಟೇ ಮಾತು. ಪೆಟ್ಟಿಗೆ ಬಿಚ್ಚಲಿಲ್ಲ, ಬಟ್ಟೆ ಬೇಕಾದಾಗ ಮುಚ್ಚಳ ಎತ್ತಿ ಒಂದು ತೆಗೆದು ಮತ್ತೆ ಮುಚ್ಚುತ್ತಿದ್ದಳು.

ಸಾಕುಮೀನಿನ ಅಂಗಡಿಯವನು ತೊಟ್ಟಿಯೊಳಗೆ ಗಿಡ ಹಾಕಲು ಹೇಳಿದ. ಮಹಾ ಮಾತುಗಾರ. “ಬೇರಿಗೆ ಸುತ್ತಿರೋ ಹತ್ತಿ ಬಿಡಿಸಿ, ತೊಳೆದು, ಮರಳಲ್ಲಿ ಚುಚ್ಚಿ ಬಿಟ್ಬಿಡಿ ಸಾರ್. ಇವು ನೀರಾಚೆ ಬೆಳೆದ ಎಲೆ, ಒಳಗೆ ಹೋದ್ಮೇಲೆ ಕೊಳೀತವೆ. ಕೊಳೆತ ಎಲೆ ಮಾತ್ರ ಕತ್ತರಿಸಿ. ಬುಡ ಮುಟ್ಟಬೇಡಿ. ಹೊಸ ಸೊಸೆ ಇದ್ದ ಹಾಗೆ, ಸುಮ್ನೆ ಬಿಟ್ರೆ ತಾನೇ ಮನೆ ಹಿಡಿದ್ಕೊಳ್ತಾಳೆ.”

ಹುಡುಗಿ ಚಿಮಟ ಹಿಡಿದು ಒಂದೊಂದೇ ಗಿಡ ನೆಟ್ಟಳು. ನಾಲಿಗೆಯ ತುದಿ ಹೊರಗಿತ್ತು. ಅಕ್ಕ ಸೂಜಿಗೆ ದಾರ ಪೋಣಿಸುವಾಗ ಹಾಗೆ ಮಾಡುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ನನ್ನ ಕೆಲಸ ನಿಮಗೆ ಗೊತ್ತು. ಸ್ವಿಚ್ ಕಾರ್ಖಾನೆಯಲ್ಲಿ ಜೋಡಿಸಿದ ಪ್ರತಿ ತಂತಿಯನ್ನೂ ಒಮ್ಮೆ ಎಳೆದು ನೋಡುವುದು. ಕೈಗೆ ಬಂದರೆ ತಿರಸ್ಕಾರ, ಬರದಿದ್ದರೆ ಮುದ್ರೆ. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಕಿತ್ತಪ್ಪ’ ಎನ್ನುತ್ತಾರೆ. ಕೆಲಸಕ್ಕೆ ಹೊರಡುವ ಮುನ್ನ ತೊಟ್ಟಿಯೊಳಗೆ ಕೈ ಹಾಕಿ, ಬೇರು ಹಿಡಿದಿದೆಯೋ ಎಂದು ಗಿಡಗಳನ್ನೂ ಸ್ವಲ್ಪ ಎಳೆದು ನೋಡುವುದು ಅಭ್ಯಾಸವಾಯಿತು. ಸ್ವಲ್ಪವೇ. ಸಲೀಸಾಗಿ ಕೈಗೆ ಬರುತ್ತಿದ್ದವು. ಮತ್ತೆ ಚುಚ್ಚಿ ಹೊರಟುಬಿಡುತ್ತಿದ್ದೆ. ಸಂಜೆ ಬಂದಾಗ ಎಲ್ಲವೂ ನೆಟ್ಟಗೆ ನಿಂತಿರುತ್ತಿದ್ದವು. ನನ್ನ ಕೈಕೆಲಸ ಗಟ್ಟಿ ಎಂದುಕೊಂಡೆ. ಎಲೆಗಳು ಲೋಳೆಯಾಗುತ್ತಿದ್ದವು, ಅದನ್ನು ಅಂಗಡಿಯವನ ಲೆಕ್ಕಕ್ಕೆ ಹಾಕಿದೆ.

ಮೊನ್ನೆ ಬೆಳಿಗ್ಗೆ ಅವಳು ಎಂದಿಗಿಂತ ಬೇಗ ಎದ್ದಿದ್ದಳು. ನನ್ನ ಕೈ ಮೊಣಕೈವರೆಗೆ ನೀರಿನಲ್ಲಿತ್ತು, ಬೆರಳಲ್ಲಿ ಗಿಡವಿತ್ತು.

“ಮಾವ… ನೀವಾ?”

“ಏನಮ್ಮ?”

“ಕೀಳ್ತಿದ್ದದ್ದು ನೀವಾ?”

ಕೀಳುತ್ತಿಲ್ಲ, ಪರೀಕ್ಷೆ ಮಾಡುತ್ತಿದ್ದೇನೆ ಎಂದೆ. ಅವಳು ಗೋಡೆಗೆ ಬೆನ್ನು ಹಚ್ಚಿ ಜಾರಿ ಕೂತಳು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಗಿಡಗಳು ಒಂದೊಂದಾಗಿ ಮೇಲೆ ತೇಲುತ್ತಿದ್ದವಂತೆ. ದಿನವೂ ಅವಳೇ ಮತ್ತೆ ನೆಡುತ್ತಿದ್ದಳಂತೆ. ಯಾರಿಗೂ ಗೊತ್ತಾಗಬಾರದೆಂದು ನೆಲ ಒರೆಸಿಡುತ್ತಿದ್ದಳಂತೆ.

“ನಾನು ನೆಟ್ಟಿದ್ದಕ್ಕೇ ನಿಲ್ತಿಲ್ಲ ಅಂದ್ಕೊಂಡಿದ್ದೆ,” ಎಂದಳು. “ಹಾಸ್ಟೆಲಿಗೆ ಹೋಗ್ತೀನಿ ಅಂತ ಅಪ್ಪನಿಗೆ ಹೇಳೋಣ ಅಂತಿದ್ದೆ. ನಾನಿಲ್ಲಿದ್ರೆ ಮೀನೂ ಸತ್ತುಹೋಗ್ತವೆ ಅಂತ.”

ನಾನು ಕೈ ಹೊರಗೆ ತೆಗೆಯುವುದನ್ನೇ ಮರೆತಿದ್ದೆ. ಒಂದು ಮೀನು ಬಂದು ಬೆರಳನ್ನು ಮುಟ್ಟಿ ಹೋಯಿತು. ಭಾವ, ಇಷ್ಟು ವರ್ಷ ಎಳೆದು ನೋಡಿದ್ದೇನೆ, ಎಳೆದದ್ದರಿಂದಲೇ ಸಡಿಲವಾಗಬಹುದೆಂಬುದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ಅಷ್ಟರಲ್ಲಿ ಮನೆಯಾಕೆ ಒಳಗಿನಿಂದ ಬಂದಳು. “ಅತ್ತೆ, ಮಾವ ಕೀಳ್ತಿದ್ರಂತೆ! ದಿನಾ!” ಎಂದು ಹುಡುಗಿ ಕೂಗಿದಳು. ಅದು ದೂರೋ ಸಂತೋಷವೋ ತಿಳಿಯಲಿಲ್ಲ. ಅಳುತ್ತಿದ್ದಳು, ನಗುತ್ತಲೂ ಇದ್ದಳು.

“ಸರಿಹೋಯ್ತು,” ಎಂದಳು ಮನೆಯಾಕೆ. “ಮದುವೆಯಾದ ಹೊಸದರಲ್ಲಿ ನನಗೂ ಹೀಗೇ ಮಾಡಿದ್ರು ಪುಟ್ಟಿ. ಬೆಳಗಾದ್ರೆ ಖುಷಿಯಾಗಿದೀಯಾ, ಸಂಜೆಯಾದ್ರೆ ಖುಷಿಯಾಗಿದೀಯಾ. ಕಾಟ ತಡೀಲಾರ್ದೆ ಖುಷಿಯಾದೆ. ಏನ್ರೀ, ಕೈ ಹೊರಗೆ ತೆಗೀರಿ, ನೆನೆದು ನೀವೂ ಲೋಳೆಯಾಗ್ತೀರಾ!”

ಈಗ ತೊಟ್ಟಿಯ ಹತ್ತಿರ ಹೋದರೆ ನಾನು ಕೈ ಕಟ್ಟಿಕೊಂಡು ನಿಲ್ಲಬೇಕು. ಹುಡುಗಿಯ ಕಟ್ಟಪ್ಪಣೆ. ಹೊಸ ಎಲೆ ಬಂದಿಲ್ಲ. ಎರಡು ಗಿಡದ ಬುಡವೂ ಮೆತ್ತಗಾಗಿದೆ, ಅವು ಉಳಿಯಲಿಕ್ಕಿಲ್ಲ. ಪೆಟ್ಟಿಗೆಯನ್ನೂ ಅವಳು ಬಿಚ್ಚಿಲ್ಲ. ಹೊಂದಿಕೊಂಡಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ಹಾಸ್ಟೆಲ್ ಬೇಡ. ನಮ್ಮಲ್ಲೇ ಇರಲಿ.

ನೀವು ಹಿರಿಯರು, ನಿಮ್ಮನ್ನು ಹರಸುವುದು ನನಗೆ ಸಲ್ಲದು. ಎಂಜಿನ್ ಕೋಣೆಯ ಸೆಖೆ ನಿಮ್ಮನ್ನು ಹೆಚ್ಚು ಬಾಧಿಸದಿರಲಿ, ಕಡಲು ನಿಮ್ಮೊಡನೆ ಚೆನ್ನಾಗಿ ನಡೆದುಕೊಳ್ಳಲಿ. ಮನೆಯಾಕೆ ನಮಸ್ಕಾರ ತಿಳಿಸಿದ್ದಾಳೆ.

ಇತಿ,
ನಿಮ್ಮ ಮೈದುನ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮೊನ್ನೆ ಅಳು ನಿಂತ ಮೇಲೆ, ನೆಟ್ಟದ್ದು ನಿಲ್ಲದಿದ್ದರೆ ಅದು ನಿನ್ನಿಂದಲೇ ಎಂದು ಯಾಕಮ್ಮ ಅಂದುಕೊಂಡೆ ಎಂದು ಕೇಳಿದೆ. ಆಸ್ಪತ್ರೆಯಲ್ಲಿ ಅಕ್ಕನಿಗೆ ಕೊನೆಯ ಗುಟುಕು ನೀರು ಕುಡಿಸಿದವಳು ಅವಳಂತೆ. ಆಮೇಲೆ ಹೊರಗಿನ ಬೆಂಚಿನ ಮೇಲೆ ನೀವು ಅವಳತ್ತ ತಿರುಗಿ, “ನೀನು ಮುಟ್ಟಿದ್ದು ಯಾವುದು ಉಳಿದಿದೆ?” ಎಂದಿರಂತೆ. ಆ ಹೊತ್ತಿನಲ್ಲಿ ಮನುಷ್ಯ ಏನು ಆಡುತ್ತಾನೆಂಬುದು ಅವನಿಗೇ ಗೊತ್ತಿರುವುದಿಲ್ಲ. ನಿಮಗೆ ನೆನಪೂ ಇರಲಿಕ್ಕಿಲ್ಲ. ಅವಳು “ಅಪ್ಪ ಹೇಳಿದ್ದು ಸುಳ್ಳಾ, ಮಾವ?” ಎಂದು ಕೇಳಿದಳು. ನಾನು ಸುಳ್ಳು ಎಂದೆ. “ನೀವು ಹೇಳಿದ್ರೆ ಆಗಲ್ಲ,” ಎಂದಳು.